ಮೌನ ಹಾದಿಯಲ್ಲಿ ಮಾತಾಡಿದವರ ಪರವಾಗಿ

ಉದ್ಯಾನ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಪ್ಪ ಅಮ್ಮ ಒಬ್ಬರೊಡನೊಬ್ಬರು ಮಾತಾಡಿದರು ಎಂಬ ಕಾರಣಕ್ಕೆ ನೀವು ಅವರನ್ನು ದೊಡ್ಡ ಉದ್ಯಾನದ ‘ಮೌನ ಹಾದಿ’ಯಿಂದ ಈ ವರ್ಷ ಮುಗಿಯುವವರೆಗೆ ಹೊರಗಿಟ್ಟಿದ್ದೀರಿ. ಗಂಡ ಹೆಂಡತಿ ಜಗಳವಾಡಿದರೆ ನೆರೆಹೊರೆಯವರು ಬೈಯುವುದುಂಟು, ನೆಂಟರು ಬುದ್ಧಿ ಹೇಳುವುದುಂಟು. ಸರ್ಕಾರಿ ಮೊಹರು ಒತ್ತಿ ತೀರ್ಪು ಕೊಟ್ಟಿದ್ದು ನಮ್ಮ ವಂಶದಲ್ಲಿ ಇದೇ ಮೊದಲು. ಆ ತೀರ್ಪು ತಪ್ಪು ಎಂದು ಹೇಳುವುದಕ್ಕೆ ಈ ಪತ್ರ. ಇದನ್ನು ನಿಮ್ಮ ಕಚೇರಿಗೆ ಕೊಡದೆ ಪತ್ರಿಕೆಗೆ ಕೊಡುತ್ತಿದ್ದೇನಲ್ಲ ಎಂದು ಬೇಸರಿಸಬೇಡಿ. ಕಚೇರಿಗೂ ಅರ್ಜಿ ಕೊಟ್ಟಿದ್ದೆ. ಅದು ಈವರೆಗೆ ಅದ್ಭುತವಾದ ಮೌನ ಪಾಲಿಸುತ್ತಿದೆ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಮ್ಮ ಕೂಗಿದ್ದು ನಿಜ. ಮೆಲ್ಲಗೆ ಅಲ್ಲ, ಜೋರಾಗಿ. ಅದನ್ನು ನಾನು ನಿಮ್ಮೆದುರೇ ಒಪ್ಪಿಕೊಂಡೆ, ಅದರ ಫಲವನ್ನು ಈಗಲೂ ಮನೆಯಲ್ಲಿ ಉಣ್ಣುತ್ತಿದ್ದೇನೆ. ಆದರೆ ಯಾಕೆ ಕೂಗಿದಳು, ಯಾವುದರ ಮೇಲೆ ಕೂಗಿದಳು ಎಂದು ನಿಮ್ಮ ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ. ಅದನ್ನು ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು. ಕುಳಿತು ಓದಿ. ನಿಮ್ಮ ಕುರ್ಚಿ ಚೆನ್ನಾಗಿದೆ, ನಾನು ನೋಡಿದ್ದೇನೆ.

ನಮ್ಮದು ಹಿಟ್ಟಿನ ಗಿರಣಿ. ಕೆಳಗೆ ಗಿರಣಿ, ಮೇಲೆ ಮನೆ, ಎದುರಿಗೆ ಬಸ್ಸುಗಳು ತಿರುಗುವ ಮುಖ್ಯರಸ್ತೆ. ಜನ ಗೋಧಿ, ಅಕ್ಕಿ, ಜೋಳ ತಂದು ಸರದಿಯಲ್ಲಿ ಡಬ್ಬಿ ಇಟ್ಟು ಹೋಗುತ್ತಾರೆ. ಅಪ್ಪ ಬೀಸುತ್ತಾನೆ, ಅಮ್ಮ ಅಳೆದು ತುಂಬುತ್ತಾಳೆ, ನಾನು ಮೂಟೆ ಎತ್ತುತ್ತೇನೆ. ನಾನು ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು. ದಯವಿಟ್ಟು ಕಣ್ಣೀರು ತಂದುಕೊಳ್ಳಬೇಡಿ. ಬಡತನದಿಂದ ಬಿಡಲಿಲ್ಲ, ಯಾರೂ ಬಿಡಿಸಲಿಲ್ಲ. ಬೆಂಚಿನ ಮೇಲೆ ಕುಳಿತುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಗಣಿತದ ಮೇಷ್ಟ್ರು ನನಗೆ ‘ಬುಗುರಿ’ ಎಂದು ಹೆಸರಿಟ್ಟರು. ಆ ಶಾಲೆಯಿಂದ ನಾನು ತಂದ ಏಕೈಕ ಪದವಿ ಅದು. ಈಗ ಮನೆಯವರೂ ಹಾಗೆಯೇ ಕರೆಯುತ್ತಾರೆ.

ಗಿರಣಿ ನಡೆಯುವಾಗ ಮಾತು ಕೇಳಿಸುವುದಿಲ್ಲ. ಮೋಟಾರು, ಬೆಲ್ಟು, ಕಲ್ಲು ಮೂರೂ ಸೇರಿ ಗೋಡೆಯನ್ನೇ ನಡುಗಿಸುತ್ತವೆ. ಆದ್ದರಿಂದ ನಾವು ಕೈಯಲ್ಲಿ ಮಾತಾಡುತ್ತೇವೆ. ಹೆಬ್ಬೆರಳನ್ನು ಬೆರಳುಗಳ ಮೇಲೆ ಉಜ್ಜಿದರೆ ‘ನುಣ್ಣಗೆ ಬೇಕಾ’ ಎಂದು. ಅಂಗೈ ಕೆಳಗೆ ಒತ್ತಿದರೆ ‘ಸಾಕು, ನಿಲ್ಲಿಸು’. ಇನ್ನು ತಲೆಯಾಡಿಸುವುದು. ಇದನ್ನು ತಾವು ದಯವಿಟ್ಟು ಗಮನವಿಟ್ಟು ಓದಬೇಕು, ಮುಂದೆ ನಿಮ್ಮ ತೀರ್ಪೇ ಇದರ ಮೇಲೆ ನಿಂತಿದೆ. ನಮ್ಮ ಗಿರಣಿಯಲ್ಲಿ ತಲೆಯಾಡಿಸುವುದು ಒಪ್ಪಿಗೆ ಅಲ್ಲ. ‘ನಿನ್ನ ಬಾಯಿ ಅಲ್ಲಾಡಿದ್ದು ನನಗೆ ಕಂಡಿತು’ ಎಂದು ಮಾತ್ರ ಅದರ ಅರ್ಥ. ಗಿರಾಕಿ ಬಂದು ಏನೋ ಹೇಳುತ್ತಾನೆ, ಅಪ್ಪ ತಲೆಯಾಡಿಸುತ್ತಾನೆ, ಗಿರಾಕಿ ಸಮಾಧಾನದಿಂದ ಹೋಗುತ್ತಾನೆ. ಅವನು ‘ಸಂಜೆ ಬರ್ತೀನಿ’ ಎಂದಿರಬಹುದು, ‘ನಿಮ್ಮ ಗಿರಣಿಗೆ ಬೆಂಕಿ ಬಿದ್ದಿದೆ’ ಎಂದಿರಬಹುದು. ಅಪ್ಪ ಎರಡಕ್ಕೂ ಅಷ್ಟೇ ಗಾಂಭೀರ್ಯದಿಂದ ತಲೆಯಾಡಿಸಬಲ್ಲ.

ಇಷ್ಟು ವರ್ಷ ಆ ಸದ್ದಿನ ಪಕ್ಕ ನಿಂತು ಅಪ್ಪನ ಕಿವಿ ಕೆಟ್ಟಿತು. ಅಮ್ಮ ಒತ್ತಾಯ ಮಾಡಿ ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕಿವಿಗೆ ಒಂದು ಯಂತ್ರ ಕೊಟ್ಟರು. ಅಪ್ಪ ಅದನ್ನು ಹಾಕಿಕೊಂಡು ಗಿರಣಿಗೆ ಇಳಿದ, ಎರಡು ಕೈಯಿಂದ ತಲೆ ಹಿಡಿದುಕೊಂಡು ಮೇಲೆ ಹತ್ತಿದ. ಯಂತ್ರ ಅಮ್ಮನ ಮಾತನ್ನು ಸ್ವಲ್ಪ ದೊಡ್ಡದು ಮಾಡುತ್ತಿತ್ತು, ಮೋಟಾರಿನ ಸದ್ದನ್ನು ತುಂಬಾ ದೊಡ್ಡದು ಮಾಡುತ್ತಿತ್ತು. ಅದು ಈಗ ಅಕ್ಕಿ ಡಬ್ಬಿಯಲ್ಲಿ ಆರಾಮವಾಗಿದೆ. ಡಾಕ್ಟರು ಎರಡನೆಯ ಸಲ ಹೋದಾಗ ಹೇಳಿದರು, “ನೋಡೀಮ್ಮ, ಇವರ ಹತ್ತಿರ ಜೋರಾಗಿ ಮಾತಾಡೋದು ಮುಖ್ಯ ಅಲ್ಲ. ಸುತ್ತ ಸದ್ದಿರಬಾರದು. ನೂರು ಸದ್ದಿನ ನಡುವೆ ಮಾತನ್ನು ಆರಿಸಿಕೊಳ್ಳೋ ಶಕ್ತಿ ಕಿವಿಗೆ ಇಲ್ಲ. ಸದ್ದೇ ಇಲ್ಲದ ಜಾಗಕ್ಕೆ ಕರ್ಕೊಂಡು ಹೋಗಿ, ಮಾಮೂಲಿ ದನಿಯಲ್ಲಿ ಮಾತಾಡಿ, ಕೇಳಿಸುತ್ತೆ.”

ಅಮ್ಮ ನಕ್ಕಳು. “ಈ ಊರಲ್ಲಿ ಅಂಥ ಜಾಗ ಎಲ್ಲಿದೆ ಡಾಕ್ಟ್ರೇ, ಬಾವಿ ಒಳಗಾ?”

ಅಂಥ ಜಾಗ ಇತ್ತು. ನಿಮ್ಮದೇ ಉದ್ಯಾನದ ಹಿಂಭಾಗದಲ್ಲಿ. ಒಂದು ಕಡೆ ಕುಳಿತಿರಲಾರದೆ ಊರೆಲ್ಲ ಸುತ್ತುವವಳು ನಾನಾದ್ದರಿಂದ ನನಗೆ ಗೊತ್ತಿತ್ತು. ಕಾರಂಜಿ, ಜಾರುಬಂಡೆ, ಐಸ್‌ಕ್ರೀಂ ಗಾಡಿಗಳನ್ನೆಲ್ಲ ದಾಟಿ ಹೋದರೆ ಬಿದಿರು ಮೆಳೆಯ ಪಕ್ಕ ಒಂದು ಮಣ್ಣಿನ ಕಾಲುದಾರಿ ಒಳಗೆ ಇಳಿಯುತ್ತದೆ. ಎರಡೂ ಕಡೆ ದೊಡ್ಡ ಮರಗಳು, ನೆಲದ ತುಂಬ ಎಲೆ, ಒಂದು ಪುಟ್ಟ ಮರದ ಸೇತುವೆ, ಅದರಾಚೆ ಪಾಚಿ ಕಟ್ಟಿದ ಕೊಳ. ಬಿದ್ದ ಮರವೊಂದರ ಮೇಲೆ ಅಣಬೆಗಳು ಮೆಟ್ಟಿಲು ಕಟ್ಟಿದ ಹಾಗೆ ಎದ್ದಿರುತ್ತವೆ. ರಸ್ತೆ ತಗ್ಗಿನ ಆಚೆ ಉಳಿದುಹೋಗುವುದರಿಂದ ಬಸ್ಸಿನ ಸದ್ದೂ ಅಲ್ಲಿಗೆ ಇಳಿಯುವುದಿಲ್ಲ. ಆಗ ಅದಕ್ಕೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ನಿಮ್ಮ ಇಲಾಖೆಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಅದರ ಆರೋಗ್ಯದ ಗುಟ್ಟು ಅದೇ ಎಂದು ನನ್ನ ನಂಬಿಕೆ.

ಒಂದು ಬೆಳಿಗ್ಗೆ ಗಿರಣಿ ಶುರುವಾಗುವ ಮೊದಲು ಇಬ್ಬರನ್ನೂ ಅಲ್ಲಿಗೆ ಕರೆದೊಯ್ದೆ. ಸೇತುವೆಯವರೆಗೆ ಯಾರೂ ಮಾತಾಡಲಿಲ್ಲ. ಅಲ್ಲಿ ಅಮ್ಮ ತನ್ನಷ್ಟಕ್ಕೇ, ಯಾರಿಗೂ ಅಲ್ಲದ ದನಿಯಲ್ಲಿ, “ಹಾಳಾದ್ದು ಈ ಚಪ್ಪಲಿ ಕಚ್ಚುತ್ತೆ” ಅಂದಳು.

ಮುಂದೆ ಹೋಗುತ್ತಿದ್ದ ಅಪ್ಪ ತಿರುಗದೆಯೇ, “ಆ ಅಂಗಡೀಲಿ ತಗೋಬೇಡ ಅಂತ ಆವತ್ತೇ ಹೇಳ್ದೆ” ಅಂದ.

ಅಮ್ಮ ನಿಂತುಬಿಟ್ಟಳು. ಅಪ್ಪನೂ ನಿಂತ. ಅವನಿಗೂ ಆಗಲೇ ಗೊತ್ತಾಗಿದ್ದು, ತನಗೆ ಕೇಳಿಸಿತೆಂದು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಒದ್ದೆ ಮಾಡಿಕೊಂಡು ಕೈ ಹಿಡಿದುಕೊಳ್ಳುತ್ತಿದ್ದರೇನೋ. ಅಮ್ಮ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, “ಬೇರೆ ಅಂಗಡೀಗೆ ಕರ್ಕೊಂಡು ಹೋಗೋಕೆ ನಿಮಗೇನು ಕಾಲಿರಲಿಲ್ವಾ?” ಅಂದಳು. ಅಲ್ಲಿಂದ ಶುರುವಾಯಿತು.

ಮಾನ್ಯರೇ, ನನಗೆ ನೆನಪಿರುವ ಕಾಲದಿಂದಲೂ ನಮ್ಮ ಮನೆಯಲ್ಲಿ ಮಾತೆಂದರೆ ಕೂಗು, ಇಲ್ಲವೇ ಕೈಸನ್ನೆ. ಆ ಹಾದಿಯಲ್ಲಿ ನಾನು ಮೊದಲ ಸಲ ಅಮ್ಮನ ನಿಜವಾದ ದನಿ ಕೇಳಿದೆ. ಅವಳ ದನಿ ಸಣ್ಣದು, ಸ್ವಲ್ಪ ಎಳೆಯದು, ಯಾರದೋ ಹುಡುಗಿಯ ದನಿಯ ಹಾಗೆ. ದಿನಾ ಬೆಳಿಗ್ಗೆ ಹೋಗತೊಡಗಿದರು. ನಾನು ಸ್ವಲ್ಪ ಹಿಂದೆ ಹೋಗುತ್ತಿದ್ದೆ. ಅವರು ಏನು ಮಾತಾಡುತ್ತಿದ್ದರು? ಪ್ರೀತಿಯ ಮಾತು ಎಂದು ನೀವು ಊಹಿಸಿದ್ದರೆ ನಿಮಗೆ ಮದುವೆಯಾಗಿಲ್ಲ ಎಂದು ನಾನು ಊಹಿಸುತ್ತೇನೆ. ಬಾಕಿ ಉಳಿದಿದ್ದ ಜಗಳಗಳನ್ನೆಲ್ಲ ಒಂದೊಂದಾಗಿ ತೀರಿಸುತ್ತಿದ್ದರು.

ಅದರಲ್ಲಿ ದೊಡ್ಡದು ನನ್ನ ಮಾವನ ವಿಷಯ. ಮಾವ ಎಂದರೆ ಅಮ್ಮನ ತಮ್ಮ. ನಾನು ಚಿಕ್ಕವಳಿದ್ದಾಗ ಕೆಲಸ ಹುಡುಕಲು ಬಂದು ನಮ್ಮ ಮನೆಯಲ್ಲಿ ಇಳಿದವನು, ಈಗಲೂ ಹುಡುಕುತ್ತಲೇ ಇದ್ದಾನೆ. ಹೆಚ್ಚಾಗಿ ಹಾಸಿಗೆಯ ಮೇಲೆ ಹುಡುಕುತ್ತಾನೆ.

“ನಿನ್ನ ತಮ್ಮನ್ನ ಮನೇಲಿ ಇಟ್ಕೊಳ್ಳೋಕೆ ನಾನು ಯಾವಾಗ ಒಪ್ಪಿದೆ?” ಅಂತ ಒಂದು ಬೆಳಿಗ್ಗೆ ಅಪ್ಪ ಕೇಳಿದ.

“ಅಯ್ಯೋ, ಒಪ್ಪಲಿಲ್ವಾ? ಗಿರಣಿ ಬಾಗಿಲಲ್ಲಿ ನಿಂತು ಕೇಳಿದೆ. ತಲೆ ಆಡಿಸಿದ್ರಿ.”

“ಅದು ಗೋಧಿಗೆ ಕಣೇ. ಗೋಧಿ ಒಣಗಿದ್ಯಾ ಅಂತ ಕೇಳ್ತಿದ್ದೀಯ ಅಂದ್ಕೊಂಡೆ.”

“ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ರಿ?”

“ನೀನು ಕರ್ಸಿದ್ದೀಯ, ಹೋಗ್ಲಿ ಅಂತ ಸುಮ್ನಿದ್ದೆ.”

“ನಾನು, ನೀವು ಒಪ್ಪಿದ್ದೀರ, ದೊಡ್ಡ ಮನಸ್ಸು ಅಂತ ಸುಮ್ನಿದ್ದೆ.”

ಇಬ್ಬರೂ ಬಿದ್ದ ಮರದ ಮೇಲೆ ಕುಳಿತು ನಕ್ಕಿದ್ದನ್ನು ನಾನು ಹಿಂದಿನಿಂದ ನೋಡಿದೆ. ಅಂದರೆ ನನ್ನ ಮಾವ ಇಷ್ಟು ಕಾಲ ನಮ್ಮ ಮನೆಯಲ್ಲಿ ಉಂಡು ಮಲಗಿದ್ದು ಒಂದು ಮೂಟೆ ಗೋಧಿಯ ಹೆಸರಿನಲ್ಲಿ. ಆ ಸಂಜೆ ಅಮ್ಮ ಇದನ್ನು ಅವನಿಗೂ ಹೇಳಿದಳು. ಅವನು ನಗಲಿಲ್ಲ. “ಅಕ್ಕಾ, ಭಾವನಿಗೆ ಬೆಳಿಗ್ಗೆ ತಂಪು ಗಾಳಿ ಒಳ್ಳೇದಲ್ಲ” ಎಂದು ಅಂದಿನಿಂದ ಪ್ರತಿದಿನ ಹೇಳತೊಡಗಿದ.

ಈ ಸುಖದ ಕಾಲದಲ್ಲಿ ನಿಮ್ಮ ಇಲಾಖೆಯ ಕಣ್ಣು ಆ ಹಾದಿಯ ಮೇಲೆ ಬಿತ್ತು.

ಉದ್ಘಾಟನೆಯ ದಿನ ನಾನೂ ಬಂದಿದ್ದೆ. ಬಿದಿರು ಮೆಳೆಯ ಪಕ್ಕ ವೇದಿಕೆ, ಎರಡು ಬದಿಗೆ ಆಳೆತ್ತರದ ಧ್ವನಿವರ್ಧಕ, ಸ್ವಾಗತಕ್ಕೆ ವಾದ್ಯದವರು. ನೀವು ಮೌನದ ಮಹತ್ವದ ಬಗ್ಗೆ ಮಾತಾಡಿದಿರಿ. ಬಹಳ ಹೊತ್ತು ಮಾತಾಡಿದಿರಿ. ಯಾವುದೋ ಶಾಲೆಯಿಂದ ಕರೆತಂದು ಮುಂದೆ ಕೂರಿಸಿದ್ದ ಮಕ್ಕಳು ನಿದ್ದೆ ಹೋದವು. ಆ ದಿನ ಅಲ್ಲಿ ಮೌನವನ್ನು ಪಾಲಿಸಿದವರು ಅವರು ಮಾತ್ರ.

ಆಮೇಲೆ ಸುಧಾರಣೆಗಳು ಬಂದವು. ಪ್ರತಿ ತಿರುವಿಗೂ ‘ಮಾತು ನಿಷಿದ್ಧ’ ಎಂಬ ಬೋರ್ಡು. ಮರಗಳ ಮೇಲೆ ಕಾಂಡದ ಬಣ್ಣ ಬಳಿದ ಧ್ವನಿವರ್ಧಕದ ಪೆಟ್ಟಿಗೆಗಳು. ಅವು ಆಗಾಗ್ಗೆ ಗಂಟೆ ಬಾರಿಸಿ, “ಪ್ರಿಯ ನಾಗರಿಕರೇ, ನೀವೀಗ ಮೌನ ವಲಯದಲ್ಲಿದ್ದೀರಿ, ನಿಸರ್ಗದ ನಿಶ್ಶಬ್ದವನ್ನು ಆಸ್ವಾದಿಸಿ” ಎಂದು ಸಾರುತ್ತವೆ. ನಾವು ಆಸ್ವಾದಿಸಲು ಶುರು ಮಾಡುವಷ್ಟರಲ್ಲಿ ಮತ್ತೆ ಸಾರುತ್ತವೆ. ಸಾರದೆ ಇರುವಾಗ ಅವುಗಳಿಂದ ಹಕ್ಕಿಗಳ ಧ್ವನಿಮುದ್ರಣ ಬರುತ್ತದೆ. ಮರದಲ್ಲಿದ್ದ ನಿಜವಾದ ಹಕ್ಕಿಗಳು ಕೆಲವು ದಿನ ಅದಕ್ಕೆ ಉತ್ತರ ಕೊಟ್ಟವು. ಎಷ್ಟು ಕೂಗಿದರೂ ಆ ಕಡೆಯ ಹಕ್ಕಿ ತನ್ನ ಮಾತನ್ನೇ ಹೇಳುತ್ತದೆ, ಇವುಗಳ ಮಾತು ಕೇಳಿಸಿಕೊಳ್ಳುವುದಿಲ್ಲ ಎಂದು ಗೊತ್ತಾದ ಮೇಲೆ ಬಸ್ ನಿಲ್ದಾಣದ ಹಿಂದಿನ ಮರಗಳಿಗೆ ಹೋದವು. ಅಲ್ಲಿ ಶಾಂತಿಯಿದೆಯಂತೆ.

“ಅಣ್ಣಾ, ಇದು ಯಾವ ಹಕ್ಕಿ?” ಎಂದು ಪೆಟ್ಟಿಗೆ ತೋರಿಸಿ ನಿಮ್ಮ ಕಾವಲುಗಾರನನ್ನು ಕೇಳಿದೆ.

“ಆಫೀಸಿನ ಹಕ್ಕಿ” ಅಂದ.

ಈ ಕಾವಲುಗಾರ ಒಳ್ಳೆಯ ಮನುಷ್ಯ. ಅವನಿಗೆ ನೀವು ಸೀಟಿ ಕೊಟ್ಟಿದ್ದೀರಿ. ಯಾರಾದರೂ ಪಿಸುಗುಟ್ಟಿದರೆ ಕೊಳದ ಆಚೆ ದಡಕ್ಕೂ ಕೇಳುವಂತೆ ಊದಬೇಕು. ಒಮ್ಮೆ ಮರಕುಟಿಗವೊಂದು ಕುಟ್ಟುತ್ತಿದ್ದಾಗ ಅಭ್ಯಾಸಬಲದಿಂದ ಊದಿಬಿಟ್ಟ, ಆಮೇಲೆ ಸುತ್ತ ನೋಡಿ ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಇದು ಸಾಲದೆಂದು ಬೆನ್ನಿಗೆ ಯಂತ್ರ ಕಟ್ಟಿಕೊಂಡು ಒಣಗಿದ ಎಲೆಗಳನ್ನು ಗಾಳಿಯಿಂದ ತಳ್ಳುವ ಒಬ್ಬ ಬಂದ. ಅವನ ಯಂತ್ರ ನಮ್ಮ ಗಿರಣಿಯ ಮೋಟಾರಿಗೆ ಹತ್ತಿರದ ನೆಂಟ. ಅವನು ಎಲೆಗಳನ್ನು ಎಡಕ್ಕೆ ತಳ್ಳುತ್ತಾನೆ, ಗಾಳಿ ಬಲಕ್ಕೆ ತರುತ್ತದೆ. ಇಬ್ಬರಿಗೂ ಬೇರೆ ಕೆಲಸವಿಲ್ಲ. ಕಾಡಿನ ಹಾದಿಯಲ್ಲಿ ಎಲೆ ಬಿದ್ದಿರುವುದು ಯಾರಿಗೆ ತೊಂದರೆ ಕೊಟ್ಟಿತು? ಮರ ಯಾವ ಇಲಾಖೆಯ ಅನುಮತಿ ಪಡೆದು ಎಲೆ ಉದುರಿಸಬೇಕು?

ಇದೆಲ್ಲ ಆಗುತ್ತಿದ್ದ ಹೊತ್ತಿನಲ್ಲಿಯೇ ನಮ್ಮ ಮನೆಗೆ ಒಂದು ಪ್ರಶ್ನೆ ಬಂತು. ಗಿರಣಿಯ ಜಾಗವನ್ನು ಕೊಳ್ಳಲು ಕಟ್ಟಡ ಕಟ್ಟಿಸುವವರೊಬ್ಬರು ಬಂದರು. ಸಭ್ಯರು, ಅವಸರದವರು. ಬಂದಾಗಲೆಲ್ಲ ಗಿರಣಿಯ ಬಾಗಿಲಲ್ಲಿ ನಿಂತು ಅಪ್ಪನನ್ನು, “ಏನು ಯಜಮಾನ್ರೇ, ಕೊಡೋದು ತಾನೇ?” ಎಂದು ಕೇಳುತ್ತಾರೆ. ಅಪ್ಪ ತಲೆಯಾಡಿಸುತ್ತಾನೆ. ಅವರು ಖುಷಿಯಿಂದ ಹೋಗುತ್ತಾರೆ. ಪ್ರತಿ ಸಲವೂ ಅಮ್ಮ ಹಿಟ್ಟಿನ ಕೈಯಲ್ಲಿಯೇ ಅವರ ಹಿಂದೆ ರಸ್ತೆಗೆ ಓಡಿ, “ಇನ್ನೂ ತೀರ್ಮಾನ ಆಗಿಲ್ಲ ಸ್ವಾಮಿ, ಅದು ತಲೆ ಆಡಿಸೋದಷ್ಟೇ” ಎಂದು ಹೇಳಿಬರಬೇಕು.

ಅಪ್ಪನ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಗೊತ್ತಿಲ್ಲ. ಅವನ ಬೆನ್ನು ಸೋತಿದೆ, ಕಿವಿ ಹೋಗಿದೆ. ಆದರೂ ಬೆಳಿಗ್ಗೆ ಮೋಟಾರು ಹಾಕುವ ಮೊದಲು ಕಲ್ಲಿನ ಮೇಲೆ ಕೈಯಿಟ್ಟು ಒಂದು ಕ್ಷಣ ನಿಲ್ಲುತ್ತಾನೆ. ಮಾರಬೇಕೋ ಬೇಡವೋ ಎಂಬುದನ್ನು ಅವನ ಬಾಯಿಯಿಂದ ಕೇಳಬೇಕು. ಅಮ್ಮ ನನಗೆ ಖಡಾಖಂಡಿತವಾಗಿ ಹೇಳಿದ್ದಾಳೆ, “ನನ್ನ ತಮ್ಮನ ವಿಷಯ ಬಿಡು, ಹೇಗೋ ಆಯ್ತು. ಗಿರಣಿ ವಿಷಯದಲ್ಲಿ ನಂಗೆ ತಲೆ ಆಡಿಸಿದ ಉತ್ತರ ಬೇಡ.”

ಮನೆಯಲ್ಲಿ ಕೇಳಬಾರದೇ ಎನ್ನಬೇಡಿ. ಕೇಳಿದ್ದೇವೆ. ಗಿರಣಿ ನಿಂತರೆ ರಸ್ತೆ ಇರುತ್ತದೆ, ರಸ್ತೆ ಸುಮ್ಮನಾದರೆ ಪಕ್ಕದ ಗ್ಯಾರೇಜು ಇರುತ್ತದೆ. ಅಷ್ಟರ ಮೇಲೆ ಅಮ್ಮ ಕಿರುಚಿ ಕೇಳಿದರೆ ಉತ್ತರ ಬರುವ ಮೊದಲೇ ಬೀದಿಯವರಿಗೆಲ್ಲ ಪ್ರಶ್ನೆ ಗೊತ್ತಾಗಿರುತ್ತದೆ, ಗಿರಾಕಿಗಳು ಡಬ್ಬಿ ಎತ್ತಿಕೊಂಡು ಬೇರೆ ಗಿರಣಿಗೆ ಹೋಗಿರುತ್ತಾರೆ. ನಿಮ್ಮ ಗುಮಾಸ್ತರು ವಿಚಾರಣೆಯ ದಿನ, “ಒಂದು ಚೀಟೀಲಿ ಬರೆದು ತೋರಿಸಬಹುದಲ್ಲಮ್ಮ” ಎಂದು ಸಲಹೆ ಕೊಟ್ಟರು. ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟು ವರ್ಷ ಸಂಸಾರ ಮಾಡಿ ಈಗ ಗಂಡನಿಗೆ ಚೀಟಿ ಕೊಡ್ಲಾ? ನಾನೇನು ಕಾಲೇಜು ಹುಡುಗೀನಾ?” ಎಂದಳು. ಬೇರೆ ನಿಶ್ಶಬ್ದ ಜಾಗ ನೋಡಿ ಎಂದರು. ಅದನ್ನೂ ನಾವು ಮೊದಲೇ ನೋಡಿದ್ದೆವು. ಗ್ರಂಥಾಲಯಕ್ಕೆ ಹೋದೆವು, ಅಲ್ಲಿಯೂ ಮಾತಾಡುವಂತಿಲ್ಲ. ಊರಾಚೆಯ ಸ್ಮಶಾನ ತುಂಬ ಶಾಂತವಾಗಿದೆ ಎಂದು ಮಾವ ಹೇಳಿದ. “ಅಲ್ಲಿಗೆ ಹೋಗೋಕೆ ನಮಗಿನ್ನೂ ಟೈಮಿದೆ, ನೀನು ಬೇಕಾದ್ರೆ ಮುಂಚೆ ಹೋಗಿ ಜಾಗ ಹಿಡಿ” ಎಂದು ಅಮ್ಮ ಉತ್ತರಿಸಿದಳು.

ಹಾಗಾಗಿ ಅಮ್ಮ ಆ ಪ್ರಶ್ನೆಯನ್ನು ಹಾದಿಗೇ ಹೊತ್ತುಕೊಂಡು ಹೋದಳು. ನಿಮ್ಮ ಪೆಟ್ಟಿಗೆಗಳು ಬಂದ ಮೇಲೆ ಅಲ್ಲಿಯೂ ಮಾತಾಡುವುದು ಸುಲಭವಿರಲಿಲ್ಲ. ಒಂದು ಪ್ರಕಟಣೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಂದಿಯಲ್ಲಿ ಅರ್ಧ ವಾಕ್ಯ ಹೇಳುವುದು, ಮತ್ತೆ ಕಾಯುವುದು. ಆ ದಿನ ಕೊಳದ ಬಳಿ ಅಮ್ಮ, “ರೀ, ಒಂದು ಮಾತು ಕೇಳ್ಬೇಕು” ಎಂದು ಶುರು ಮಾಡಿದಳು. ಗಂಟೆ ಬಾರಿಸಿತು. ಕಾದಳು. “ಆ ಗಿರಣಿ ವಿಷಯ” ಎಂದಳು. ಆಫೀಸಿನ ಹಕ್ಕಿ ಕೂಗಿತು. ಕಾದಳು. ಮತ್ತೆ ಬಾಯಿ ತೆರೆದಳು, ಪ್ರಿಯ ನಾಗರಿಕರನ್ನು ಮತ್ತೆ ಕರೆಯಲಾಯಿತು. ಆಗ ಅಮ್ಮನ ತಾಳ್ಮೆ ಮುಗಿಯಿತು. ಪೆಟ್ಟಿಗೆಯ ದನಿಯ ಮೇಲೆ ದನಿಯೇರಿಸಿ, “ಗಿರಣಿ ಮಾರೋಕೆ ನಿಮಗೆ ಮನಸ್ಸಿದ್ಯಾ, ಇಲ್ವಾ?” ಎಂದು ಕೂಗಿದಳು.

ಅಪ್ಪನಿಗೆ ಕೇಳಿಸಿತು. ಅದು ನನಗೆ ಅವನ ಮುಖದಲ್ಲೇ ಕಂಡಿತು. ಅವನು ತಲೆಯಾಡಿಸಲಿಲ್ಲ. ಕೊಳದ ಕಡೆ ನೋಡಿದ, ಗಂಟಲು ಸರಿ ಮಾಡಿಕೊಂಡ, ಉತ್ತರ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಾವಲುಗಾರ ಸೀಟಿ ಊದುತ್ತ ಓಡಿಬಂದ. ಅವನ ಹಿಂದೆ ಎಲೆಯ ಯಂತ್ರದವನು ಏನಾಯಿತೆಂದು ನೋಡಲು ಬಂದ, ಯಂತ್ರ ನಿಲ್ಲಿಸದೆ. ಅಪ್ಪ ಬಾಯಿ ಮುಚ್ಚಿದ. ಆ ಉತ್ತರ ಇಂದಿಗೂ ಅವನೊಳಗೇ ಇದೆ.

ಇನ್ನು ನಿಮ್ಮ ವಿಚಾರಣೆ. ಕಾವಲುಗಾರ ಎಚ್ಚರಿಕೆ ಕೊಟ್ಟು ಬಿಡುವವನಿದ್ದ. ಆದರೆ ಸಾರ್ವಜನಿಕರೊಬ್ಬರು ಲಿಖಿತ ದೂರು ಕೊಟ್ಟಿದ್ದಾರೆ, ಆದ್ದರಿಂದ ಬರಲೇಬೇಕು ಎಂದು ನಿಮ್ಮ ಕಚೇರಿಯವರು ಹೇಳಿದರು. ನಿಮ್ಮ ಕೋಣೆಗೆ ಬಂದರೆ ಆ ಸಾರ್ವಜನಿಕರು ಬೆಂಚಿನ ಮೇಲೆ ಕುಳಿತಿದ್ದರು. ನನ್ನ ಮಾವ. ಅಪ್ಪನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

“ಏನೋ ಇದು?” ಎಂದಳು ಅಮ್ಮ.

“ನಾಗರಿಕ ಕರ್ತವ್ಯ ಅಕ್ಕಾ” ಎಂದ ಅವನು, ನೆಲ ನೋಡುತ್ತ.

ಆ ಹಾದಿಯಲ್ಲಿ ಒಂದು ದಿನವೂ ಕಾಲಿಡದ ಮನುಷ್ಯ ಅಲ್ಲಿನ ಮೌನಕ್ಕೆ ಭಂಗವಾಯಿತೆಂದು ನೊಂದು ದೂರು ಕೊಟ್ಟಿದ್ದ. ನೀವು ಅದನ್ನು ಸ್ವೀಕರಿಸಿದಿರಿ. ಅವರಿಬ್ಬರು ಮಾತಾಡುವುದು ನಿಂತರೆ ಅವನ ಹಾಸಿಗೆ ಉಳಿಯುತ್ತದೆ ಎಂಬುದು ನಿಮಗೆ ಗೊತ್ತಿರಲಿಲ್ಲ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಮಾವನ ಚಿಂತೆಯೂ ನಿಮಗೆ ಬೇಡ. ಅಮ್ಮನ ತೀರ್ಪು ನಿಮ್ಮದಕ್ಕಿಂತ ಬೇಗ ಜಾರಿಗೆ ಬಂತು. ಅವನು ಈಗ ಗಿರಣಿಯಲ್ಲಿ ಮೂಟೆ ಎತ್ತುತ್ತಿದ್ದಾನೆ, ನಾನು ಕುಳಿತು ಈ ಪತ್ರ ಬರೆಯಲು ಪುರುಸೊತ್ತು ಸಿಕ್ಕಿದ್ದು ಹಾಗೆ.

ನಿಮ್ಮ ಗುಮಾಸ್ತರು ದಯಾಳು. ನನ್ನನ್ನು ಸಾಕ್ಷಿಯೆಂದು ಕರೆದು ಮೆಲ್ಲಗೆ ಹೇಳಿದರು, “ಮೆತ್ತಗೆ ಮಾತಾಡಿದ್ರು ಅಂತ ಹೇಳಿಬಿಡಮ್ಮ, ಇಲ್ಲಿಗೇ ಮುಗಿಸೋಣ.”

“ಇಲ್ಲ ಸರ್. ಕೂಗಿದ್ರು.”

“ಸ್ವಲ್ಪ ಜೋರಾಗಿ, ಅಷ್ಟೇ ತಾನೇ?”

“ತುಂಬಾ ಜೋರಾಗಿ. ಕೊಳದಲ್ಲಿದ್ದ ಬಾತುಕೋಳಿ ಎದ್ದು ಆಚೆ ದಡಕ್ಕೆ ಹೋಯ್ತು.”

ಅಮ್ಮ ನನ್ನ ತೋಳು ಚಿವುಟಿದ್ದು ನಿಮಗೂ ಕಂಡಿರಬೇಕು. ನೀವು ಕನ್ನಡಕ ಮೇಲೇರಿಸಿ, ಎಲ್ಲಿಯವರೆಗೆ ಓದಿದ್ದೀಯ ಎಂದು ಕೇಳಿದಿರಿ. ಒಂಬತ್ತರ ನಡುವೆ ಬಿಟ್ಟೆ ಎಂದೆ. “ಅದಕ್ಕೇ” ಎಂದಿರಿ. ಆ ಒಂದು ಪದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಒಂಬತ್ತರ ಉಳಿದರ್ಧದಲ್ಲಿಯೋ ಹತ್ತರಲ್ಲಿಯೋ ಅಗತ್ಯ ಬಿದ್ದಾಗ ಸುಳ್ಳು ಹೇಳುವುದನ್ನು ಕಲಿಸುತ್ತಾರೇನು? ಹಾಗಿದ್ದರೆ ಅದು ನನಗೆ ತಪ್ಪಿಹೋಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ, “ಮೆತ್ತಗೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಬಾಯಿಗೆ ಹುಳ ಬೀಳ್ತಿತ್ತಾ? ಕೂಗಿದ್ದು ನಾನು. ಬಾತುಕೋಳಿನ ಯಾಕೆ ತಂದೆ ಮಧ್ಯಕ್ಕೆ?” ಎಂದು ಬೈದಳು. ಬಾತುಕೋಳಿಯನ್ನು ತರಬೇಕಾಗಿರಲಿಲ್ಲ ಎಂದು ನನಗೂ ಅನ್ನಿಸಿದೆ. ಆದರೆ ಅದು ಹೋಗಿದ್ದು ನಿಜ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಅಪ್ಪನ ಕಡೆ ತಿರುಗಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದಿರಿ. ನಿಮ್ಮ ಕೋಣೆಯನ್ನು ನೆನಪಿಸಿಕೊಳ್ಳಿ. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಕಿಟಕಿಯ ತಂಪು ಯಂತ್ರ ಗುಂಯ್‌ಗುಡುತ್ತಿತ್ತು. ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು, ಹೊರಗೆ ಯಾರೋ ಕಪಾಟು ಎಳೆಯುತ್ತಿದ್ದರು. ಅಪ್ಪನಿಗೆ ಕಂಡಿದ್ದು ಒಬ್ಬ ದೊಡ್ಡ ಮನುಷ್ಯರ ಬಾಯಿ ಅಲ್ಲಾಡಿದ್ದು. ಅವನು ಮರ್ಯಾದೆಯಿಂದ ತಲೆಯಾಡಿಸಿದ. ನೀವು ತಕ್ಷಣ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾರೆ’ ಎಂದು ಬರೆಸಿದಿರಿ. ನಾನು ಎದ್ದು, “ಸರ್, ಅದು ಒಪ್ಪಿಗೆ ಅಲ್ಲ, ಗಿರಣಿ” ಎಂದು ಶುರು ಮಾಡಿದೆ. ಸದ್ದು ಮಾಡಬೇಡ ಎಂದಿರಿ. ಕೋಣೆಯಲ್ಲಿದ್ದ ಅಷ್ಟು ಸದ್ದುಗಳಲ್ಲಿ ನಿಮಗೆ ನಿಲ್ಲಿಸಲು ಸಾಧ್ಯವಾಗಿದ್ದು ನನ್ನದೊಂದೇ.

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಅಪ್ಪ ಅಮ್ಮನ ಕಿವಿಯ ಹತ್ತಿರ ಬಂದು, “ಏನಂದ್ರು? ಒಳ್ಳೆಯವರು, ಚಹಾ ಕುಡೀತೀರಾ ಅಂತ ಕೇಳಿದ್ರು ಅಲ್ವಾ?” ಎಂದ. ಇದು ನೀವು ದಾಖಲಿಸಿಕೊಂಡ ತಪ್ಪೊಪ್ಪಿಗೆ, ಮಾನ್ಯರೇ.

ಈಗ ಮನೆಯಲ್ಲಿ ಏನಾಗಿದೆ ಎಂದರೆ, ಅಮ್ಮ ಮತ್ತೆ ಕೈಸನ್ನೆಗೆ ಇಳಿದಿದ್ದಾಳೆ. ಮೊನ್ನೆ ಅಪ್ಪನ ಪಕ್ಕ ನಿಂತು ಏನೋ ಹೇಳಲು ಹೋದಳು. ಅವನು ಕಿವಿಗೆ ಕೈ ಹಿಡಿದು ಬಾಗಿದ. ಅವಳು ಏನಿಲ್ಲ ಎಂಬಂತೆ ಕೈಯಾಡಿಸಿ ಡಬ್ಬಿ ತುಂಬಲು ಹೋದಳು. ಮುಂಚೆಯೂ ಹೀಗೆಯೇ ಇತ್ತು, ಆಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅವಳ ನಿಜವಾದ ದನಿ ಹೇಗಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ. ಅತ್ತ ಜಾಗ ಕೊಳ್ಳುವವರು ಇನ್ನು ಕಾಯುವುದಿಲ್ಲ, ಮುಂದಿನ ವಾರ ಕಾಗದಪತ್ರದೊಂದಿಗೆ ಬರುತ್ತೇನೆ ಎಂದು ಹೇಳಿಹೋಗಿದ್ದಾರೆ. ಅವರು ಬಂದು ಗಿರಣಿಯ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಅಪ್ಪ ಏನು ಮಾಡುತ್ತಾನೆಂದು ನಿಮಗೀಗ ಗೊತ್ತಿದೆ. ಅಲ್ಲಿಯೂ ಒಬ್ಬರು ಅದನ್ನು ನಿಮ್ಮ ಹಾಗೆಯೇ ಬರೆದುಕೊಂಡರೆ ನಮ್ಮ ಗಿರಣಿ ಹೋಯಿತು. ಹೋಗಬೇಕಾದರೆ ಹೋಗಲಿ, ನನಗೂ ಮೂಟೆಗಳ ಮೇಲೆ ಅಂಥ ವ್ಯಾಮೋಹವಿಲ್ಲ. ಆದರೆ ಅದು ಅಪ್ಪ ಮನಸ್ಸು ಮಾಡಿ ಕೊಟ್ಟದ್ದಾಗಿರಬೇಕು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಆ ಪೆಟ್ಟಿಗೆಗಳನ್ನು ಮರದಿಂದ ಇಳಿಸಿ. ಅದು ಕಷ್ಟವಾದರೆ ಬೆಳಗಿನ ಹೊತ್ತಾದರೂ ಬಾಯಿ ಮುಚ್ಚಿಸಿ. ಎಲೆಯ ಯಂತ್ರದವನಿಗೆ ಒಂದು ಪೊರಕೆ ಕೊಡಿ, ಅದೂ ಬೇಡ, ರಜೆ ಕೊಡಿ. ಮೌನ ಹಾದಿ ಎಂದರೆ ಯಾರೂ ಬಾಯಿ ತೆರೆಯಬಾರದ ಹಾದಿ ಎಂದು ಯಾರು ಹೇಳಿದರು? ಮೆಲ್ಲಗೆ ಆಡಿದ್ದೂ ಕೇಳಿಸುವಷ್ಟು ಶಾಂತವಾದ ಜಾಗ ಎಂದು ಬೋರ್ಡು ಬರೆಸಿ ನೋಡಿ. ಜನ ತಾವಾಗಿಯೇ ದನಿ ಇಳಿಸುತ್ತಾರೆ, ಕೂಗುವ ಅಗತ್ಯವೇ ಬೀಳುವುದಿಲ್ಲ.

ಅಪ್ಪನ ಮೇಲಿನ ತೀರ್ಪನ್ನು ಹಾಗೇ ರದ್ದು ಮಾಡಿ ಎಂದು ಕೇಳುವುದಿಲ್ಲ. ಅವನನ್ನು ಮತ್ತೊಮ್ಮೆ ವಿಚಾರಣೆ ಮಾಡಿ ಎಂದು ಕೇಳುತ್ತೇನೆ, ನಿಮ್ಮ ಕೋಣೆಯಲ್ಲಿ ಅಲ್ಲ, ಆ ಹಾದಿಯಲ್ಲಿ. ಬರುವ ಸೋಮವಾರ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ನಾನು ಇಬ್ಬರನ್ನೂ ಕರೆದುಕೊಂಡು ಬರುತ್ತೇನೆ. ನಿಷೇಧವಿದೆ ಎಂದು ಗೊತ್ತಿದ್ದೇ ಬರುತ್ತೇನೆ, ಕದ್ದು ಬರಲು ನನಗೆ ಬರುವುದಿಲ್ಲ, ಅದಕ್ಕೇ ಮುಂಚೆಯೇ ತಿಳಿಸಿದ್ದೇನೆ. ದಂಡ ಹಾಕುವುದಾದರೆ ನನಗೆ ಹಾಕಿ. ಆದರೆ ಕಾವಲುಗಾರನನ್ನು ಕಳಿಸಬೇಡಿ, ನೀವೇ ಬನ್ನಿ. ಪೆಟ್ಟಿಗೆ ನಿಲ್ಲಿಸಿ, ಸೇತುವೆ ದಾಟುವವರೆಗೆ ಅಪ್ಪನ ಪಕ್ಕ ಸುಮ್ಮನೆ ನಡೆಯಿರಿ, ಆಮೇಲೆ ಅದೇ ಪ್ರಶ್ನೆಯನ್ನು ನಿಮ್ಮ ಮಾಮೂಲಿ ದನಿಯಲ್ಲಿ ಕೇಳಿ. ಅವನಿಗೆ ಕೇಳಿಸುತ್ತದೆ. ಅವನು ಉತ್ತರ ಕೊಡುತ್ತಾನೆ, ಸ್ವಲ್ಪ ಉದ್ದವಾಗಿಯೇ ಕೊಡುತ್ತಾನೆ, ನೀವೂ ಏನಾದರೂ ಹೇಳಬೇಕಾಗುತ್ತದೆ. ಅಲ್ಲಿ ಮಾತಾಡುವುದು ಎಷ್ಟು ದೊಡ್ಡ ಅಪರಾಧ ಎಂದು ಆಗ ನೀವೇ ತೀರ್ಮಾನಿಸಿ.

ನಿಮ್ಮ ಮಾತು ಮುಗಿದ ಮೇಲೆ ದಯವಿಟ್ಟು ಒಂದೆರಡು ಹೆಜ್ಜೆ ಹಿಂದೆ ಉಳಿಯಿರಿ, ನನ್ನ ಜೊತೆ. ಅಮ್ಮನದು ಒಂದು ಪ್ರಶ್ನೆ ಬಾಕಿ ಇದೆ.

ಇಂತಿ,
ಮೆಲ್ಲಗೆ ಎಂದು ಒಂದು ಸುಳ್ಳು ಹೇಳಿದ್ದರೆ ಇಷ್ಟೆಲ್ಲ ಬರೆಯುವ ಪಾಡು ಬರುತ್ತಿರದಿದ್ದ,
ಹಿಟ್ಟಿನ ಗಿರಣಿಯವರ ಮಗಳು